ಪುಸ್ತಕವೇ ಓದುಗನ ಬಳಿಗೆ ಹೋಗಲಿ

ಅಕ್ಷರ ಕಲಿತ ಬಡವರ ಮಗು ಶಾಲೆ ಬಿಟ್ಟೊಡನೆ ಓದನ್ನು ಮರೆಯುವುದು ಬುದ್ಧಿಮಾಂದ್ಯದಿಂದಲ್ಲ, ಮನೆಯಲ್ಲಿ ಪುಸ್ತಕವಿಲ್ಲದುದರಿಂದ ಎಂಬುದನ್ನು ಬಡೋದೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಬಹು ಹಿಂದೆಯೇ ಮನಗಂಡಿದ್ದರು. 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಅವರು, ಅಷ್ಟಕ್ಕೇ ತೃಪ್ತರಾಗದೆ, 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ತಜ್ಞರನ್ನು ಬರಮಾಡಿಕೊಂಡು ಉಚಿತ ಗ್ರಂಥಾಲಯಗಳ ಜಾಲವನ್ನೇ ಹೆಣೆಯಿಸಿದರು. ಗಟ್ಟಿ ಮರದ ಪೆಟ್ಟಿಗೆಗಳಲ್ಲಿ ಆಯ್ದ ಗ್ರಂಥಗಳನ್ನು ತುಂಬಿ ಹಳ್ಳಿಹಳ್ಳಿಗೆ ಕಳುಹಿಸುವುದು, ಒಂದು ಪೆಟ್ಟಿಗೆ ಮರಳಿದ ಮೇಲೆ ಮತ್ತೊಂದನ್ನು ಒದಗಿಸುವುದು, ಓದುಬಾರದವರಿಗಾಗಿ ದೀಪದ ಬೆಳಕಿನಿಂದ ಪರದೆಯ ಮೇಲೆ ಮೂಡುವ ಚಿತ್ರಗಳ ಪ್ರದರ್ಶನವನ್ನೇರ್ಪಡಿಸುವುದು, ಸ್ತ್ರೀಯರಿಗೂ ಮಕ್ಕಳಿಗೂ ಪ್ರತ್ಯೇಕ ವಿಭಾಗವಿರಿಸುವುದು, ಇವೆಲ್ಲ ಆ ವ್ಯವಸ್ಥೆಯ ಅಂಗಗಳಾಗಿದ್ದುವು. ನನ್ನ ದೃಷ್ಟಿಯಲ್ಲಿ ಭವ್ಯ ಕಟ್ಟಡಗಳಿಗಿಂತ ಆ ಪೆಟ್ಟಿಗೆಯೇ ಹೆಚ್ಚು ಪೂಜ್ಯವಾದುದು.

ಪುಸ್ತಕ ಕೂಡಿಡುವುದಕ್ಕಲ್ಲ, ಜನರ ಕೈಸೇರುವುದಕ್ಕೆ ಎಂಬುದಕ್ಕೆ ಇನ್ನೊಂದು ನಿದರ್ಶನವೂ ಉಂಟು: ಅಹಮದಾಬಾದಿನಲ್ಲಿ ಗಾಂಧೀಜಿ 1933ರಲ್ಲಿ ಅಡಿಗಲ್ಲಿಟ್ಟ ಮಾಣೆಕಲಾಲ್ ಜೇಠಾಭಾಯಿ ಗ್ರಂಥಾಲಯಕ್ಕೆ ಸಾಬರಮತಿ ಆಶ್ರಮದ ಪುಸ್ತಕಗಳೇ ದಾನವಾಗಿ ಬಂದುವು.

ಆದುದರಿಂದ, ಪ್ರಿಯ ವಾಚಕರೇ, ನಿಮ್ಮೂರಿನ ಗ್ರಂಥಾಲಯ ಸಮಿತಿಯಲ್ಲಿ ನಿಮಗೆ ಮಾತಿದ್ದರೆ ಕೊಳಗೇರಿಯ ಅಂಗನವಾಡಿಗೊಂದು ಪೆಟ್ಟಿಗೆಯನ್ನು ಕೇಳಿರಿ. ಠೇವಣಿಯ ಹಣವಿಲ್ಲದವನಿಗೂ ಪುಸ್ತಕ ಕೊಡಿಸಿರಿ, ಒಂದೆರಡು ಹರಿದರೆ ಹರಿಯಲಿ. ಓದುಗನ ನುಡಿಯನ್ನೂ ಬಿಡುವನ್ನೂ ಗಮನಿಸಿರಿ: ಉದಾಹರಣೆಗೆ, ಸೂರತ್ತಿನ ಮಗ್ಗಗಳಲ್ಲಿ ದುಡಿಯುವ ಒಡಿಯಾ ಕಾರ್ಮಿಕನಿಗೆ ಗುಜರಾತಿ ಗ್ರಂಥಗಳಷ್ಟೇ ಸಾಲವು, ಹಗಲು ತೆರೆದು ಸಂಜೆ ಮುಚ್ಚುವ ಬಾಗಿಲಿನಿಂದಲೂ ಅವನಿಗೆ ಪ್ರಯೋಜನವಿಲ್ಲ. ಅವನ ನುಡಿಯ ನಾಲ್ಕು ಪುಸ್ತಕಗಳನ್ನು ತರಿಸಿ, ರಜೆಯ ದಿನ ಯಾರಾದರೊಬ್ಬರು ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿರಿ.