ಗುರಿಯೂ ಕಿವಿಯೂ

ಗುರಿಯಿಟ್ಟು ಹೊಡೆಯುವ ವಿದ್ಯೆ ಬಲು ಪುರಾತನವಾದುದು. ಬೇಟೆಗಾಗಿಯೂ ಯುದ್ಧಕ್ಕಾಗಿಯೂ ಹುಟ್ಟಿಕೊಂಡ ಈ ವಿದ್ಯೆ ಕಾಲಕ್ರಮದಲ್ಲಿ ಒಂದು ಕ್ರೀಡೆಯಾಗಿ ಬೆಳೆಯಿತು. 1896ರಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊದಲ ಬಾರಿಗೆ ನಡೆದಾಗಲೇ ರೈಫಲ್ ಮತ್ತು ಪಿಸ್ತೂಲಿನ ಸ್ಪರ್ಧೆಗಳು ಅವುಗಳಲ್ಲಿ ಸೇರಿದ್ದವು. ಈ ಕ್ರೀಡೆಯಲ್ಲಿ ಓಟವಿಲ್ಲ, ನೆಗೆತವಿಲ್ಲ, ಎದುರಾಳಿಯನ್ನು ಕೆಡಹುವ ಹೋರಾಟವೂ ಇಲ್ಲ. ನಿಂತಲ್ಲಿಯೇ ನಿಂತು ತನ್ನ ಕೈಯ ನಡುಕವನ್ನೂ ಮನಸ್ಸಿನ ಚಾಂಚಲ್ಯವನ್ನೂ ಯಾರು ಗೆಲ್ಲುವರೋ ಅವರೇ ಇಲ್ಲಿ ವಿಜಯಿಗಳು.

ನಮ್ಮ ದೇಶದಲ್ಲಿ ಈ ಕ್ರೀಡೆಯನ್ನು ಬೆಳೆಸಲು 1951ರಲ್ಲಿ ಭಾರತೀಯ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪನೆಯಾಯಿತು. ಲೋಕಸಭೆಯ ಪ್ರಥಮ ಅಧ್ಯಕ್ಷರಾಗಿದ್ದ ಜಿ. ವಿ. ಮಾವಳಂಕರರು ಈ ಸಂಘದ ಸ್ಥಾಪಕರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಅವರು 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಹಿಡಿದು ಭಾರತವನ್ನು ಪ್ರತಿನಿಧಿಸಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿ, ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದರು.

ಈ ವಿದ್ಯೆಯನ್ನು ಕಲಿಯಬಯಸುವವರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಏರ್ ಪಿಸ್ತೂಲು. ಇದರಲ್ಲಿ ಸಿಡಿಮದ್ದು ಇರುವುದಿಲ್ಲ. ಚಿಕ್ಕ ಉರುಳೆಯಲ್ಲಿ ಒತ್ತಿ ತುಂಬಿದ ಗಾಳಿಯೇ 4.5 ಮಿಲಿಮೀಟರ್ ಅಳತೆಯ ಸಣ್ಣ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಸ್ಪರ್ಧೆಯ ನಿಯಮದಂತೆ ಪಿಸ್ತೂಲಿನ ತೂಕ 1,500 ಗ್ರಾಮನ್ನು ಮೀರಕೂಡದು; ಅದನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಹತ್ತು ಮೀಟರ್ ದೂರದಲ್ಲಿರುವ ಗುರಿಹಲಗೆಯ ನಡುವಿನ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಅದಕ್ಕೆ ತಗುಲಿದ ಗುಂಡಿಗೆ ಹತ್ತು ಅಂಕಗಳು. ಅರ್ಹತಾ ಸುತ್ತಿನಲ್ಲಿ ಇಂತಹ ಅರವತ್ತು ಗುಂಡುಗಳನ್ನು ಹೊಡೆಯಬೇಕಾಗುತ್ತದೆ.

ಮೊದಲ ದಿನವೇ ಸ್ವಂತ ಪಿಸ್ತೂಲನ್ನು ಕೊಳ್ಳಲು ಆತುರಪಡುವುದು ಜಾಣತನವಲ್ಲ. ನುರಿತ ಶಿಕ್ಷಕರಿರುವ ತರಬೇತಿ ಕೇಂದ್ರದಲ್ಲಿ, ಅಲ್ಲಿಯ ಪಿಸ್ತೂಲಿನಿಂದಲೇ ಕೆಲವು ತಿಂಗಳು ಅಭ್ಯಾಸ ಮಾಡಿದ ಮೇಲೆ ತನಗೆ ಒಪ್ಪುವುದು ಯಾವುದೆಂಬ ತಿಳಿವಳಿಕೆ ಬರುತ್ತದೆ. ಪಿಸ್ತೂಲನ್ನು ಆರಿಸುವಾಗ ಬೆಲೆಗಿಂತಲೂ ಹೆಸರಿಗಿಂತಲೂ ಮುಖ್ಯವಾದುದು ಅದರ ಹಿಡಿ. ಈ ಮರದ ಹಿಡಿಗಳು ಬೇರೆ ಬೇರೆ ಅಳತೆಗಳಲ್ಲಿ, ಬಲಗೈಗೆ ಬೇರೆ, ಎಡಗೈಗೆ ಬೇರೆಯಾಗಿ ಸಿಗುತ್ತವೆ. ಅಂಗೈಗೆ ಒತ್ತುವ ಕಡೆ ಅರದಿಂದ ಉಜ್ಜಿ, ಸಡಿಲವಿರುವ ಕಡೆ ಲಪ್ಪ ತುಂಬಿ, ಹಿಡಿಯನ್ನು ಕೈಗೆ ಹೊಂದಿಸಿಕೊಳ್ಳುವುದೂ ಉಂಟು. ಪ್ರತಿ ಸಲ ಹಿಡಿದಾಗಲೂ ಕೈ ಒಂದೇ ರೀತಿಯಲ್ಲಿ ಕುಳಿತುಕೊಳ್ಳಬೇಕೆಂಬುದೇ ಇದರ ಉದ್ದೇಶ. ಸಿಡಿಮದ್ದಿನ ಪಿಸ್ತೂಲಿಗಾದರೋ ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮದಂತೆ ಪರವಾನಗಿ ಬೇಕು. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ.

ಗುರಿಯ ಪಾಠಕ್ಕೆ ಮುಂಚೆ ಎಚ್ಚರಿಕೆಯ ಪಾಠ. ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ತಿಳಿದಿದ್ದರೂ ಗುಂಡಿದೆಯೆಂದೇ ಭಾವಿಸಿ ನಡೆದುಕೊಳ್ಳಬೇಕು. ನಳಿಗೆಯ ಬಾಯಿ ಸದಾ ಗುರಿಯ ಕಡೆಗೇ ಇರಬೇಕು. ಆಟಕ್ಕಾಗಿಯೂ ಅದನ್ನು ಮನುಷ್ಯರ ಕಡೆಗೆ ತಿರುಗಿಸಕೂಡದು. ಹೊಡೆಯುವ ಗಳಿಗೆ ಬರುವವರೆಗೆ ಬೆರಳು ಕುದುರೆಯಿಂದ, ಎಂದರೆ ಟ್ರಿಗರ್‌ನಿಂದ, ದೂರವಿರಬೇಕು. ಕೆಳಗಿಟ್ಟಾಗ ನಳಿಗೆ ಬರಿದಾಗಿದೆಯೆಂದು ಎಲ್ಲರಿಗೂ ಕಾಣುವಂತೆ ಗಾಢವರ್ಣದ ದಾರವೊಂದನ್ನು ಅದರೊಳಗೆ ತೂರಿಸಿಡಬೇಕು. ಗುರಿಯನ್ನೂ ಗುರಿಯ ಹಿಂದೆ ಇರುವುದನ್ನೂ ಕಣ್ಣಾರೆ ಕಂಡಲ್ಲದೆ ಹೊಡೆಯಲೇಕೂಡದು. ದಶರಥ ಮಹಾರಾಜನು ಶಬ್ದವೇಧಿ ವಿದ್ಯೆಯಲ್ಲಿ ನಿಪುಣನಾಗಿದ್ದನು. ಕತ್ತಲೆಯಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಅವನು ಬಿಟ್ಟ ಬಾಣ, ಕುರುಡು ತಂದೆತಾಯಿಗಳ ಏಕೈಕ ಆಸರೆಯಾಗಿದ್ದ ತಪಸ್ವಿಕುಮಾರನ ಎದೆಯನ್ನು ಸೀಳಿತು. ಬಾಣ ಗುರಿ ತಪ್ಪಲಿಲ್ಲ; ತಿಳಿವಳಿಕೆ ತಪ್ಪಿತು. ಬಿಟ್ಟ ಬಾಣವನ್ನಾಗಲಿ ಹಾರಿಸಿದ ಗುಂಡನ್ನಾಗಲಿ ಹಿಂದಕ್ಕೆ ಕರೆಯಲು ಸಾಧ್ಯವಿಲ್ಲ.

ಇನ್ನು ನಿಲ್ಲುವ ಕ್ರಮ. ಪಾದಗಳನ್ನು ಭುಜಗಳ ಅಗಲಕ್ಕೆ ಊರಿ, ದೇಹದ ಭಾರವನ್ನು ಎರಡಕ್ಕೂ ಸಮನಾಗಿ ಹಂಚಿ ನಿಲ್ಲಬೇಕು. ಬಿಡುವಾಗಿರುವ ಕೈ ಜೇಬಿನಲ್ಲಿಯೋ ಸೊಂಟಪಟ್ಟಿಯಲ್ಲಿಯೋ ನಿಶ್ಚಲವಾಗಿರಬೇಕು. ಕಣ್ಣುಮುಚ್ಚಿ ತೋಳನ್ನು ಎತ್ತಿ, ಬಳಿಕ ಕಣ್ಣು ತೆರೆದು ನೋಡಿದರೆ ದೇಹವು ತಾನಾಗಿ ಎತ್ತ ಮುಖಮಾಡಿದೆಯೆಂದು ತಿಳಿಯುತ್ತದೆ. ಅದು ಗುರಿಗೆ ನೇರವಾಗಿರದಿದ್ದರೆ ತೋಳನ್ನು ಬಲವಂತದಿಂದ ಎಳೆಯದೆ ಪಾದಗಳನ್ನೇ ಸರಿಸಿಕೊಳ್ಳಬೇಕು.

ಪಿಸ್ತೂಲಿನ ಮೇಲೆ ಹಿಂದುಗಡೆ ಒಂದು ಕಚ್ಚೂ ಮುಂದುಗಡೆ ಒಂದು ನಿಲುಗಡ್ಡಿಯೂ ಇರುತ್ತವೆ. ಕಚ್ಚಿನ ನಡುವೆ ಕಡ್ಡಿ ನಿಂತು, ಎರಡರ ತಲೆಗಳು ಒಂದೇ ಮಟ್ಟದಲ್ಲಿದ್ದು, ಕಡ್ಡಿಯ ಎರಡು ಪಕ್ಕದಲ್ಲಿಯೂ ಬೆಳಕು ಸಮನಾಗಿ ಕಾಣಬೇಕು. ಆಗ ಕಣ್ಣು ನೆಡಬೇಕಾದುದು ಗುರಿಹಲಗೆಯ ಮೇಲಲ್ಲ, ಮುಂದಿನ ಕಡ್ಡಿಯ ಮೇಲೆ. ಹೊಸಬರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಕಚ್ಚಿಗೂ ಕಡ್ಡಿಗೂ ನಡುವೆ 33 ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಳ್ಳೋಣ. ಕೈ ಇಡಿಯಾಗಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದು ಮಿಲಿಮೀಟರ್ ಮಾತ್ರ ಸರಿಯುತ್ತದೆ. ಆದರೆ ಕಡ್ಡಿಯೊಂದೇ ಕಚ್ಚಿನ ನಡುವಿನಿಂದ ಒಂದು ಮಿಲಿಮೀಟರ್ ಓರೆಯಾದರೆ, ಹತ್ತು ಮೀಟರ್ ದೂರದಲ್ಲಿ ಆ ತಪ್ಪು ಮೂವತ್ತು ಪಟ್ಟು ಬೆಳೆದು ಗುಂಡು ಸುಮಾರು 30 ಮಿಲಿಮೀಟರ್ ಆಚೆಗೆ ಬೀಳುತ್ತದೆ; ಎಂದರೆ ಗುರಿಹಲಗೆಯ ಕಪ್ಪು ವೃತ್ತದ ಅಂಚನ್ನು ಮುಟ್ಟುತ್ತದೆ. ಆದುದರಿಂದ ಗುರಿ ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ, ಕಡ್ಡಿ ಮಾತ್ರ ಸ್ಪಷ್ಟವಾಗಿರಬೇಕು.

ಕುದುರೆಯನ್ನು ತಟ್ಟನೆ ಎಳೆಯದೆ, ನಿಂಬೆಯ ಹೋಳನ್ನು ಮೆಲ್ಲಗೆ ಹಿಂಡುವಂತೆ, ನೇರವಾಗಿ ಹಿಂದಕ್ಕೆ ಒತ್ತಬೇಕು. ಗುಂಡು ಹೊರಟ ಮೇಲೂ ಒಂದೆರಡು ಕ್ಷಣ ತೋಳು ಹಾಗೆಯೇ ನಿಂತಿರಬೇಕು. ಗುಂಡು ತುಂಬದೆ ಬರಿಯ ಗೋಡೆಯ ಮುಂದೆ ಇದನ್ನೇ ನೂರಾರು ಬಾರಿ ಮಾಡುವ ಅಭ್ಯಾಸಕ್ಕೆ ಪದಕ ಗೆದ್ದವರೂ ಪ್ರತಿದಿನ ಸಮಯ ಕೊಡುತ್ತಾರೆ. ಹೊಸಬರು ಹತ್ತರ ಅಂಕಕ್ಕಾಗಿ ಹಂಬಲಿಸದೆ ತಮ್ಮ ಗುಂಡುಗಳೆಲ್ಲ ಒಂದೇ ಕಡೆ ಗುಂಪಾಗಿ ಬೀಳುತ್ತವೆಯೇ ಎಂಬುದನ್ನು ಮೊದಲು ಗಮನಿಸಬೇಕು. ಗುಂಪು ಕೂಡಿದರೆ ಅದನ್ನು ನಡುವಿಗೆ ತರುವುದು ತಿರುಪನ್ನು ತಿರುಗಿಸಿದಷ್ಟೇ ಸುಲಭ.

ಅಭ್ಯಾಸವು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಹಂಗೆರಿ ದೇಶದ ಕಾರೊಯಿ ತಕಾಚ್ ಅವರ ಜೀವನವೇ ಸಾಕ್ಷಿ. ಸೈನಿಕರಾಗಿದ್ದ ಅವರು ಪಿಸ್ತೂಲಿನಲ್ಲಿ ಹೆಸರುವಾಸಿಯಾಗಿದ್ದರು. 1938ರಲ್ಲಿ ಸೈನ್ಯದ ತರಬೇತಿಯ ವೇಳೆ ಕೈಬಾಂಬೊಂದು ಸಿಡಿದು ಅವರ ಬಲಗೈ ನಾಶವಾಯಿತು. ಅವರು ಧೃತಿಗೆಡದೆ ಎಡಗೈಗೆ ಮೊದಲಿನಿಂದ ವಿದ್ಯೆಯನ್ನು ಕಲಿಸತೊಡಗಿದರು; ಮರುವರ್ಷವೇ ತಮ್ಮ ದೇಶದ ಪಿಸ್ತೂಲು ಸ್ಪರ್ಧೆಯಲ್ಲಿ ಮೊದಲಿಗರಾದರು. ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ ಕ್ರೀಡೆಗಳು ನಡೆಯಲಿಲ್ಲ. 1948ರಲ್ಲಿ ಲಂಡನ್ನಿನಲ್ಲಿ, ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ, ಅವರು ಎಡಗೈಯಿಂದ ಚಿನ್ನದ ಪದಕ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೊಮ್ಮೆ ಗೆದ್ದರು.

ಕಳೆದುಹೋದ ಕೈಯ ಕೆಲಸವನ್ನು ಇನ್ನೊಂದು ಕೈ ಕಲಿಯಬಲ್ಲದು. ಆದರೆ ಕೆಟ್ಟುಹೋದ ಕಿವಿಯ ಕೆಲಸವನ್ನು ಕಲಿಯಬಲ್ಲ ಬೇರೊಂದು ಅಂಗ ದೇಹದಲ್ಲಿಲ್ಲ. ಗುರಿಕಾರರು ತಮ್ಮ ಕಿವಿಯನ್ನು ಕಣ್ಣಿನಷ್ಟೇ ಕಾಪಾಡಿಕೊಳ್ಳಬೇಕಾದುದು ಇದರಿಂದಲೇ.

ಕಿವಿಯೊಳಗೆ ಬಂದ ಶಬ್ದದ ಅಲೆಗಳು ಮೊದಲು ತಮಟೆಯನ್ನು ಕಂಪಿಸುತ್ತವೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳು ಆ ಕಂಪನವನ್ನು ಒಳಗಿವಿಗೆ ಸಾಗಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ, ದ್ರವ ತುಂಬಿದ ಒಂದು ನಾಳವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ದ್ರವವು ಅಲುಗಿದಾಗ ಇವುಗಳ ತುದಿಯ ಸೂಕ್ಷ್ಮ ರೋಮಗಳು ಗಾಳಿಗೆ ಬಾಗುವ ಪೈರಿನಂತೆ ಬಾಗಿ, ನರದ ಮೂಲಕ ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಗಾಳಿ ಹಿತವಾಗಿದ್ದರೆ ಬಾಗಿದ ಪೈರು ಮತ್ತೆ ಏಳುತ್ತದೆ. ಬಿರುಗಾಳಿಗೆ ಸಿಕ್ಕಿದರೆ ಮುರಿಯುತ್ತದೆ. ಹೊಲದಲ್ಲಾದರೆ ಮರುವರ್ಷ ಹೊಸ ಬಿತ್ತನೆ ಮಾಡಬಹುದು. ಮನುಷ್ಯನ ಕಿವಿಯಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಶಬ್ದದ ತೀವ್ರತೆಯನ್ನು ಡೆಸಿಬಲ್‌ಗಳಲ್ಲಿ ಅಳೆಯುತ್ತಾರೆ. ಈ ಅಳತೆಯಲ್ಲಿ ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತುಪಟ್ಟು ಏರಿತೆಂದು ಅರ್ಥ. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂದು ತಜ್ಞರು ಹೇಳುತ್ತಾರೆ. ಅದರ ಮೇಲೆ ಪ್ರತಿ ಮೂರು ಡೆಸಿಬಲ್‌ಗೆ ಈ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬಲ್‌ನಲ್ಲಿ ಕಾಲು ಗಂಟೆಗೆ ಇಳಿಯುತ್ತದೆ. ಏರ್ ಪಿಸ್ತೂಲಿನ ಸದ್ದು ಅಷ್ಟೇನೂ ದೊಡ್ಡದಲ್ಲ. ಆದರೆ 25 ಮೀಟರ್ ಸ್ಪರ್ಧೆಯ ಸಿಡಿಮದ್ದಿನ ಪಿಸ್ತೂಲು ಹಾರಿದಾಗ ಅದರ ಸದ್ದು ಒಂದು ಕ್ಷಣ 140 ಡೆಸಿಬಲ್ ಅನ್ನೂ ಮೀರುತ್ತದೆ. ಇದು ಮಾತಿನ ಸದ್ದಿನ ಹತ್ತು ಕೋಟಿ ಪಟ್ಟು ತೀವ್ರತೆ! ದೊಡ್ಡ ಸದ್ದು ಬಂದಾಗ ನಡುಗಿವಿಯ ಸಣ್ಣ ಸ್ನಾಯುಗಳು ಬಿಗಿದುಕೊಂಡು ಕಂಪನವನ್ನು ತಡೆಯುವುದು ನಿಸರ್ಗದ ಏರ್ಪಾಡು. ಆದರೆ ಈ ಕಾವಲುಗಾರ ಎಚ್ಚರಗೊಳ್ಳುವಷ್ಟರಲ್ಲಿ ಗುಂಡಿನ ಸದ್ದು ಒಳಗೆ ನುಗ್ಗಿ ತನ್ನ ಕೆಡುಕನ್ನು ಮಾಡಿಬಿಟ್ಟಿರುತ್ತದೆ.

ಈ ಹಾನಿಯಲ್ಲಿ ನೋವಿಲ್ಲ, ರಕ್ತವಿಲ್ಲ. ಆದುದರಿಂದ ಅದು ಗಮನಕ್ಕೆ ಬರುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಕಿವಿ ಮಂದವಾದಂತೆ, ಒಳಗೆ ಜೀರುಂಡೆ ಕೂಗಿದಂತೆ ಅನಿಸಿ, ಮರುದಿನ ಸರಿಹೋಗಬಹುದು. ಅದು ಕಿವಿ ಕೊಡುವ ಎಚ್ಚರಿಕೆ. ಅದನ್ನು ಅಲಕ್ಷಿಸಿದರೆ ಆ ಕೂಗು ನಿಲ್ಲದೆ ಉಳಿದುಬಿಡುವುದುಂಟು. ಮೊದಲು ಅಳಿಯುವುದು ಎತ್ತರದ ಸ್ವರಗಳ ಗ್ರಹಣಶಕ್ತಿ. ಸಾಲು, ಶಾಲು, ಹಾಲು ಎಂಬ ಮಾತುಗಳನ್ನು ಬೇರ್ಪಡಿಸುವುದು ಅವುಗಳ ಮೊದಲ ವ್ಯಂಜನದ ಸೂಕ್ಷ್ಮ ಧ್ವನಿ ಮಾತ್ರ. ಅದು ಕೇಳಿಸದವರಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನಾಲ್ಕು ಜನರ ನಡುವೆ ಕುಳಿತಿದ್ದರೂ ಅವರು ಒಂಟಿಯಾಗುತ್ತಾರೆ.

ಇಷ್ಟು ದೊಡ್ಡ ನಷ್ಟವನ್ನು ತಡೆಯುವ ಉಪಾಯ ಬಹು ಚಿಕ್ಕದು. ಮೆತ್ತನೆಯ ನೊರೆರಬ್ಬರಿನ ಕಿವಿಬಿರಡೆಯನ್ನು ಶುಚಿಯಾದ ಬೆರಳುಗಳಿಂದ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬಿರಡೆಯನ್ನು ಒಳಗಿರಿಸಿ, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಅರೆಬರೆ ತೂರಿಸಿದ ಬಿರಡೆಯಿಂದ ಪ್ರಯೋಜನ ಅಲ್ಪ. ಇಡೀ ಕಿವಿಯನ್ನು ಮುಚ್ಚುವ ಬಟ್ಟಲಿನಾಕಾರದ ಕಿವಿಗಾಪುಗಳೂ ಉಂಟು. ಕೂದಲಾಗಲಿ ಕನ್ನಡಕದ ಕಡ್ಡಿಯಾಗಲಿ ಸಂದು ಬಿಡದಂತೆ ಅವನ್ನು ಕೂರಿಸಬೇಕು. ಸಿಡಿಮದ್ದಿನ ಸದ್ದಿರುವಲ್ಲಿ ಬಿರಡೆಯನ್ನೂ ಕಾಪನ್ನೂ ಕೂಡಿಯೇ ಧರಿಸುವುದು ಕ್ಷೇಮ. ಕಿವಿಗೆ ಹತ್ತಿ ತುರುಕಿಕೊಳ್ಳುವುದು ರಕ್ಷಣೆಯಲ್ಲ, ರಕ್ಷಣೆಯ ಭ್ರಮೆ. ಹೊಡೆಯುವವರಷ್ಟೇ ಅಲ್ಲದೆ ಪಕ್ಕದಲ್ಲಿ ನಿಂತು ನೋಡುವವರೂ ಇವನ್ನು ಧರಿಸತಕ್ಕದ್ದು. ರೈಫಲ್ ಅಭ್ಯಾಸ ಮಾಡುವ ಎನ್.ಸಿ.ಸಿ. ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಿವಿಯ ರಕ್ಷಣೆಯಿಂದ ಗುರಿಗೂ ಲಾಭವಿದೆ. ದೊಡ್ಡ ಸದ್ದಿಗೆ ದೇಹ ಬೆಚ್ಚುವುದು ಸಹಜ. ಕೆಲವು ಬಾರಿ ಬೆಚ್ಚಿದ ಮೇಲೆ, ಸದ್ದು ಬರುವ ಮುನ್ನವೇ ಕಣ್ಣು ಮುಚ್ಚುವ, ಮಣಿಕಟ್ಟು ಬಾಗುವ ದುರಭ್ಯಾಸ ಬೇರೂರುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಸದ್ದು ತಗ್ಗಿದರೆ ಬೆಚ್ಚುವಿಕೆ ತಗ್ಗುತ್ತದೆ, ಕೈ ಸ್ಥಿರವಾಗುತ್ತದೆ.

ಪಿಸ್ತೂಲನ್ನು ಎಂದೂ ಮುಟ್ಟದವರಿಗೂ ಈ ಪಾಠದಲ್ಲಿ ಪಾಲಿದೆ. ಕಿವಿಯ ಬಳಿ ಸಿಡಿಯುವ ಪಟಾಕಿ, ಮಗ್ಗದ ಕಾರ್ಖಾನೆಯ ಗದ್ದಲ, ಜಾತ್ರೆಯ ಧ್ವನಿವರ್ಧಕ, ಕಿವಿಗೆ ಸಿಕ್ಕಿಸಿಕೊಂಡು ಎತ್ತರದ ದನಿಯಲ್ಲಿ ಕೇಳುವ ಹಾಡು—ಇವೆಲ್ಲವೂ ಅದೇ ರೋಮಕೋಶಗಳನ್ನೇ ಬಾಗಿಸುತ್ತವೆ. ಒಲಿಂಪಿಕ್ಸ್‌ನ ಪದಕ ಕೋಟಿಯಲ್ಲೊಬ್ಬರಿಗೆ ದೊರೆಯಬಹುದು. ಇಳಿವಯಸ್ಸಿನಲ್ಲಿ ಮೊಮ್ಮಕ್ಕಳ ಪಿಸುಮಾತನ್ನೂ ಮುಂಗಾರಿನ ಮೊದಲ ಹನಿಯ ಸದ್ದನ್ನೂ ಕೇಳುವ ಭಾಗ್ಯವನ್ನು, ಇಂದು ಎಚ್ಚರದಿಂದಿರುವ ಬಹುಮಂದಿ ತಮಗಾಗಿ ಉಳಿಸಿಕೊಳ್ಳಬಹುದು.