ಹುಳುಮನೆ ಸ್ಟ್ಯಾಂಡಿನ ವೆಲ್ಡಿಂಗ್: ಅರ್ತ್ ಕ್ಲ್ಯಾಂಪ್ ಎಲ್ಲಿರಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಹುಳುಮನೆಗಳ ಕಬ್ಬಿಣದ ಸ್ಟ್ಯಾಂಡುಗಳು ಬ್ಲೀಚಿಂಗ್ ಪುಡಿಯ ದ್ರಾವಣಕ್ಕೂ ಸೊಪ್ಪಿನ ತೇವಕ್ಕೂ ತುಕ್ಕು ಹಿಡಿದು ಬೆಸುಗೆಯ ಬಳಿಯೇ ಬಿಟ್ಟುಕೊಳ್ಳುತ್ತವೆ. ಮನೆಯ ವಿದ್ಯುತ್ತನ್ನು ಕಡಿಮೆ ವೋಲ್ಟಿನ, ಹೆಚ್ಚು ಆಂಪಿಯರಿನ ವಿದ್ಯುತ್ತಾಗಿ ಮಾರ್ಪಡಿಸುವ ಹಗುರವಾದ ಇನ್ವರ್ಟರ್ ಯಂತ್ರ ಬಂದ ಮೇಲೆ ಈ ದುರಸ್ತಿಗೆ ರೈತರೇ ಕೈಹಾಕುತ್ತಿದ್ದಾರೆ. ಆದರೆ ಬೆಸುಗೆ ನಿಲ್ಲದಿದ್ದಾಗ ರಾಡನ್ನು ದೂರುವವರು ಮೊದಲು ನೋಡಬೇಕಾದದ್ದು ಅರ್ತ್ ಕ್ಲ್ಯಾಂಪನ್ನು.

ಒಂದು ಬೆಳೆ ಮುಗಿದು ಮುಂದಿನ ಸೋಂಕು ನಿವಾರಣೆ ಆರಂಭವಾಗುವ ಮೊದಲೇ ಈ ಕೆಲಸ ಆಗಬೇಕು. ಬಿದಿರಿನ ಚಂದ್ರಿಕೆ, ನೈಲಾನ್ ಬಲೆ, ಹಳೆಯ ಪೇಪರು, ಒಣಗಿದ ರೆಂಬೆಗಳನ್ನು ಹೊರಗೆ ಸಾಗಿಸಿ, ನೆಲ ಒಣಗಿದೆಯೆಂದು ಖಚಿತಪಡಿಸಿಕೊಂಡು, ಒಂದು ಬಕೆಟ್ ಮರಳನ್ನು ಹತ್ತಿರ ಇಟ್ಟುಕೊಳ್ಳಬೇಕು. ಯಂತ್ರವನ್ನು 6 ಆಂಪಿಯರ್ ಪ್ಲಗ್ಗಿಗೆ ಹಾಕದೆ, ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿಗೇ ಕೊಡಬೇಕು; ಮೂರನೆಯ ಪಿನ್ ಕತ್ತರಿಸಿ ಕೆಲಸ ಸಾಗಿಸುವುದು ಜೀವದ ಜೊತೆ ಆಡುವ ಆಟವೇ ಸರಿ, ಏಕೆಂದರೆ ಯಂತ್ರದ ಮೈಗೆ ವಿದ್ಯುತ್ ಸೋರಿದರೆ ಕಾಯುವುದು ಆ ಪಿನ್ನೇ ಹೊರತು ಕ್ಲ್ಯಾಂಪಲ್ಲ.

ಕ್ಲ್ಯಾಂಪಿನ ಕೆಲಸವೇ ಬೇರೆ. ರಾಡಿನ ತುದಿಯಿಂದ ಕಬ್ಬಿಣಕ್ಕಿಳಿದ ವಿದ್ಯುತ್ತು ಯಂತ್ರಕ್ಕೆ ಹಿಂದಿರುಗುವ ದಾರಿ ಅದು. ಬಣ್ಣ, ತುಕ್ಕು ಅಥವಾ ಸುಣ್ಣದ ಪೊರೆಯ ಮೇಲೆ ಕಚ್ಚಿಸಿದರೆ ಆ ದಾರಿ ಅರ್ಧ ಮುಚ್ಚಿದಂತಾಗಿ, ಕಿಡಿ ತಡವರಿಸುತ್ತದೆ, ರಾಡು ಅಂಟಿಕೊಳ್ಳುತ್ತದೆ. ಆಗ ಹೊಸಬರು ಆಂಪಿಯರ್ ಏರಿಸುತ್ತಾರೆ, ತೆಳುವಾದ ಆ್ಯಂಗಲ್ ತೂತಾಗುತ್ತದೆ. ಇದಕ್ಕಿಂತ ಕೆಟ್ಟದ್ದು, ಸಾಲಿನ ಆಚೆ ತುದಿಯ ಕಂಬಕ್ಕೋ ಪಂಪಿನ ಪೈಪಿಗೋ ಕ್ಲ್ಯಾಂಪ್ ಹಾಕುವ ಅಭ್ಯಾಸ: ನಡುವಿನ ಪ್ರತಿ ಸಡಿಲ ಬೋಲ್ಟೂ ಕಾಯುತ್ತದೆ, ದಾರಿ ತಪ್ಪಿದ ವಿದ್ಯುತ್ತು ಪಂಪಿನ ಅರ್ತ್ ತಂತಿಯನ್ನೇ ಹಿಡಿದು ಅದರ ಹೊದಿಕೆಯನ್ನು ಸುಡಬಲ್ಲದು. ಆದ್ದರಿಂದ ಬೆಸುಗೆ ಬೀಳುವ ತುಂಡಿನಲ್ಲೇ, ಗೇಣು ದೂರದೊಳಗೆ, ಲೋಹ ಹೊಳೆಯುವವರೆಗೆ ಅರದಿಂದ ಉಜ್ಜಿ ಕ್ಲ್ಯಾಂಪನ್ನು ಬಿಗಿಯಾಗಿ ಕಚ್ಚಿಸಬೇಕು. ಒಂದು ರಾಡು ಮುಗಿದ ಮೇಲೆ ಯಂತ್ರ ನಿಲ್ಲಿಸಿ ನೋಡಿದಾಗ ಕ್ಲ್ಯಾಂಪಿನ ದವಡೆ ಬಿಸಿಯಾಗಿದ್ದರೆ ಹಿಡಿತ ಸರಿಯಿಲ್ಲವೆಂದೇ ಅರ್ಥ.

ಸಾಮಾನ್ಯ ಕಬ್ಬಿಣಕ್ಕೆ 6013 ದರ್ಜೆಯ, 2.5 ಮಿ.ಮೀ. ದಪ್ಪದ, ತೇವ ತಾಗದ ರಾಡು ಸಾಕು, 3 ಮಿ.ಮೀ. ಆ್ಯಂಗಲ್‌ಗೆ 70 ಆಂಪಿಯರ್‌ನಿಂದ ಶುರುಮಾಡಿ, ಬೇರೊಂದು ಚೂರಿನ ಮೇಲೆ ಎಳೆದು ನೋಡಿ ಹೊಂದಿಸಿಕೊಳ್ಳುವುದು ಕ್ಷೇಮ. ಕಿಡಿ ಹತ್ತದಿರುವಾಗಲೂ ರಾಡಿನ ತುದಿಯಲ್ಲಿ ಸುಮಾರು 60ರಿಂದ 80 ವೋಲ್ಟ್ ಇರುವುದರಿಂದ, ಬೆವರಿದ ಬರಿಗೈಯಲ್ಲಿ ರಾಡು ಬದಲಿಸದೆ ಒಣಗಿದ ಚರ್ಮದ ಕೈಗವಸು ತೊಡಬೇಕು. ಮುಖಕ್ಕೆ 10 ಅಥವಾ 11ನೇ ನಂಬರಿನ ಗಾಜಿನ ಶೀಲ್ಡೇ ಬೇಕು, ಕೂಲಿಂಗ್ ಗ್ಲಾಸ್ ಯಾವ ಕಾರಣಕ್ಕೂ ಸಲ್ಲದು. ನೋಡುತ್ತ ನಿಂತ ಮಕ್ಕಳನ್ನೂ ದೂರ ಕಳಿಸಬೇಕು. ಬೆಂಕಿಕಡ್ಡಿ ಗೀರಿದಂತೆ ರಾಡನ್ನು ಗೀರಿ, ಕಿಡಿ ಹತ್ತಿದೊಡನೆ ರಾಡಿನ ದಪ್ಪದಷ್ಟೇ ಅಂತರ ಉಳಿಸಿಕೊಂಡು, ಸಾಗುವ ದಿಕ್ಕಿಗೆ ಹಿಡಿಯನ್ನು ತುಸು ಓರೆಮಾಡಿ ನಿಧಾನವಾಗಿ ಎಳೆಯಬೇಕು.

ಬೆಸುಗೆ ಆರಿದ ಮೇಲೆ, ಕಣ್ಣಿಗೆ ಬಿಳಿ ಕನ್ನಡಕ ಹಾಕಿಕೊಂಡು, ಮೇಲೆ ಕಟ್ಟಿದ ಸ್ಲ್ಯಾಗ್ ಎಂಬ ಗಾಜಿನಂಥ ಪೊರೆಯನ್ನು ಸುತ್ತಿಗೆಯಿಂದ ಬಿಡಿಸಿ, ರೆಡ್ ಆಕ್ಸೈಡ್ ಬಳಿಯಬೇಕು. ಜಿ.ಐ. ಪೈಪಾದರೆ ಸತುವಿನ ಹೊಗೆ ಜ್ವರ ತರುವುದರಿಂದ ಅದರ ಲೇಪನವನ್ನು ಮೊದಲೇ ಉಜ್ಜಿ ತೆಗೆದು, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲದೆ ಪಕ್ಕಕ್ಕೆ ನಿಂತು ಬೆಸೆಯಬೇಕು. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಚಾಕಿ ಹುಳುಗಳನ್ನು ಒಳಗೆ ತರಬಾರದು.