ಬೇಯದ ಮಾಂಸ, ತೊಳೆಯದ ಕೈ

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸೀಮೆಯಲ್ಲಿ ಜೋಳದ ರೊಟ್ಟಿಯ ಊಟವೆಂದರೆ ಬದಿಗೆ ಹಸಿ ತೊಪ್ಪಲು ಇರಲೇಬೇಕು. ಹಕ್ಕರಕಿ, ಮೆಂತ್ಯ, ಮೂಲಂಗಿಯ ಎಲೆ, ಸೌತೆಕಾಯಿ, ಉಳ್ಳಾಗಡ್ಡಿ ಇವು ಒಲೆಯನ್ನು ಏರದೆ ನೇರವಾಗಿ ತಾಟಿಗೆ ಬರುತ್ತವೆ. ಈ ರೂಢಿ ರುಚಿಗೂ ದೇಹಕ್ಕೂ ಹಿತವಾದುದೇ. ಮಾಂಸದ ಮಾತು ಬೇರೆ. ಅದನ್ನು ಚೆನ್ನಾಗಿ ಬೇಯಿಸದೆ ಉಣ್ಣಬಾರದೆಂಬುದನ್ನು ಹಿರಿಯರು ಅನುಭವದಿಂದಲೇ ಅರಿತಿದ್ದರು. ಆದರೆ ಅರೆಬೆಂದ ಮಾಂಸದಿಂದ ಮೊದಲಾಗುವ ಒಂದು ರೋಗವು, ಮಾಂಸವನ್ನು ಮುಟ್ಟದವರ ಮನೆಗೂ ಈ ಹಸಿ ಎಲೆಯ ಮೂಲಕ ಬರಬಲ್ಲದೆಂಬುದು ಬಹುಮಂದಿಗೆ ತಿಳಿಯದು.

ಅರೆಬೆಂದ ಮಾಂಸದ ಕೆಡುಕು ಎರಡು ಬಗೆಯದು. ಮೊದಲನೆಯದು ಬೇಗನೆ ಕಾಣಿಸಿಕೊಳ್ಳುತ್ತದೆ. ಕೋಳಿ, ಕುರಿ ಮೊದಲಾದವುಗಳ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದು. ಅವು ಸಾಯುವಷ್ಟು ಬೇಯಿಸದಿದ್ದರೆ ಕೆಲವು ಗಂಟೆಗಳಲ್ಲಿ ಇಲ್ಲವೆ ಎರಡು ಮೂರು ದಿನಗಳಲ್ಲಿ ಹೊಟ್ಟೆನೋವು, ವಾಂತಿ, ಭೇದಿ, ಜ್ವರಗಳು ಬರುತ್ತವೆ. ದೇಹವು ಕಳೆದುಕೊಂಡ ನೀರು, ಲವಣಗಳನ್ನು ತುಂಬಿಕೊಟ್ಟರೆ ಹೆಚ್ಚಿನವರು ಗುಣಹೊಂದುತ್ತಾರೆ. ಮಲದಲ್ಲಿ ರಕ್ತ ಕಂಡರೆ, ಮಗು ಸೊರಗಿದರೆ, ಜ್ವರ ಇಳಿಯದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಎರಡನೆಯ ಕೆಡುಕು ಸದ್ದಿಲ್ಲದೆ ಬರುವಂಥದು. ರೋಗ ತಗಲಿದ ಹಂದಿಯ ಮಾಂಸದಲ್ಲಿ ಕಾಳಿನ ಗಾತ್ರದ, ನೀರು ತುಂಬಿದ ಗುಳ್ಳೆಗಳಿರುತ್ತವೆ. ಒಂದೊಂದು ಗುಳ್ಳೆಯೊಳಗೂ ಲಾಡಿಹುಳುವಿನ ಮರಿ ಅಡಗಿರುತ್ತದೆ. ಇಂಥ ಮಾಂಸವನ್ನು ಅರೆಬೆಂದುದಾಗಿ ತಿಂದವನ ಕರುಳಿನಲ್ಲಿ ಆ ಮರಿಯು ಎರಡರಿಂದ ನಾಲ್ಕು ಮೀಟರ್ ಉದ್ದದ ಹುಳುವಾಗಿ ಬೆಳೆಯುತ್ತದೆ. ಈ ಸಂಬಂಧವನ್ನು ಜರ್ಮನಿಯ ವೈದ್ಯ ಫ್ರೀಡ್ರಿಕ್ ಕ್ಯೂಕೆನ್‌ಮೈಸ್ಟರ್ 1855ರಲ್ಲಿ ತೋರಿಸಿಕೊಟ್ಟನು. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ ಗುಳ್ಳೆಗಳಿದ್ದ ಮಾಂಸವನ್ನು ತಿಳಿಸದೆ ತಿನ್ನಿಸಿ, ಶಿಕ್ಷೆಯ ತರುವಾಯ ಅವನ ಕರುಳಿನಲ್ಲಿ ಎಳೆಯ ಲಾಡಿಹುಳುಗಳನ್ನು ಕಂಡನು. ಇಂದಿನ ವೈದ್ಯನೀತಿಯು ಒಪ್ಪದ ಪ್ರಯೋಗವದು. ಆದರೂ ಅದು ತೋರಿದ ಸತ್ಯ ಉಳಿಯಿತು.

ಅಷ್ಟಾದರೂ ಒಂದು ಒಗಟು ಬಿಡಿಸದೆಯೇ ಇತ್ತು. ಭಾರತದಲ್ಲಿ ಸೇವೆ ಸಲ್ಲಿಸಿ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಕೆಲವರಿಗೆ, ವರ್ಷಗಳು ಕಳೆದ ಮೇಲೆ, ಇದ್ದಕ್ಕಿದ್ದಂತೆ ಮೂರ್ಛೆ ಬರತೊಡಗಿತು. 1930ರ ದಶಕದಲ್ಲಿ ಸೇನಾವೈದ್ಯ ವಿಲಿಯಂ ಮ್ಯಾಕ್‌ಆರ್ಥರ್ ಇದಕ್ಕೆ ಮಿದುಳಿನಲ್ಲಿ ನೆಲೆಸಿದ ಲಾಡಿಹುಳುವಿನ ಗುಳ್ಳೆಗಳೇ ಕಾರಣವೆಂದು ಸಾರಿದನು. ಇಂಥ 450 ರೋಗಿಗಳ ವಿವರವನ್ನು ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಎಂಬವರು 1961ರಲ್ಲಿ ಪ್ರಕಟಿಸಿದರು. ಮುಂದೆ 1992ರಲ್ಲಿ ನ್ಯೂಯಾರ್ಕ್ ನಗರದಿಂದ ಇನ್ನೂ ಅಚ್ಚರಿಯ ವರದಿ ಬಂದಿತು. ಹಂದಿಯ ಮಾಂಸವನ್ನು ಧರ್ಮನಿಷ್ಠೆಯಿಂದ ವರ್ಜಿಸಿದ್ದ ಯಹೂದಿ ಸಮುದಾಯದ ನಾಲ್ವರ ಮಿದುಳಿನಲ್ಲಿ ಇದೇ ಗುಳ್ಳೆಗಳು ಕಂಡುಬಂದಿದ್ದವು. ತಿನ್ನದ ಮಾಂಸದ ರೋಗ ಅವರಿಗೆ ಹೇಗೆ ಬಂದಿತು?

ಉತ್ತರವು ಹುಳುವಿನ ಬಾಳಿನಲ್ಲಿಯೇ ಇದೆ. ಕರುಳಿನಲ್ಲಿ ಬೆಳೆದ ಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ತಿಂದ ಹಂದಿಯ ಮಾಂಸದಲ್ಲಿ ಗುಳ್ಳೆಗಳಾಗುತ್ತವೆ. ಅದೇ ಮೊಟ್ಟೆಯನ್ನು ಮನುಷ್ಯನು ನುಂಗಿದರೆ ಮರಿಯು ರಕ್ತದ ಮೂಲಕ ಸ್ನಾಯು, ಕಣ್ಣು, ಮಿದುಳುಗಳನ್ನು ಸೇರಿ ಅಲ್ಲಿ ಗುಳ್ಳೆ ಕಟ್ಟುತ್ತದೆ. ಮಾಂಸ ತಿಂದವನಿಗೆ ಕರುಳಿನ ಹುಳು. ಮೊಟ್ಟೆ ನುಂಗಿದವನಿಗೆ ಮಿದುಳಿನ ಗುಳ್ಳೆ. ನ್ಯೂಯಾರ್ಕಿನ ಆ ಮನೆಗಳಲ್ಲೊಂದರ ಕೆಲಸದವರೊಬ್ಬರ ಕರುಳಿನಲ್ಲಿ ಲಾಡಿಹುಳು ಇದ್ದುದು ಪರೀಕ್ಷೆಯಿಂದ ತಿಳಿಯಿತು. ತನ್ನೊಳಗೆ ಹುಳುವಿದೆಯೆಂಬುದು ಹೆಚ್ಚಾಗಿ ಹೊತ್ತವರಿಗೇ ತಿಳಿದಿರುವುದಿಲ್ಲ. ಆದುದರಿಂದ ಇಲ್ಲಿ ಯಾರನ್ನೂ, ಯಾರ ಆಹಾರವನ್ನೂ ಹಳಿಯುವಂತಿಲ್ಲ. ಹಂದಿಯೂ ಈ ರೋಗವನ್ನು ತಾನಾಗಿ ತಂದುದಲ್ಲ. ಅದಕ್ಕೆ ಕೊಟ್ಟವನು ಮನುಷ್ಯನೇ.

ಈಗ ಜೋಳದ ರೊಟ್ಟಿಯ ತಾಟಿಗೆ ಮರಳಿ ಬಂದರೆ ಮೊದಲಿನ ಮಾತು ಸ್ಪಷ್ಟವಾಗುತ್ತದೆ. ಬಯಲುಶೌಚದ ನೆಲದಲ್ಲಿಯೋ, ಕೊಳಚೆನೀರು ಹಾಯುವ ತೋಟದಲ್ಲಿಯೋ ಬೆಳೆದ ಸೊಪ್ಪಿಗೆ ಕಣ್ಣಿಗೆ ಕಾಣದ ಮೊಟ್ಟೆಗಳು ಅಂಟಿರಬಹುದು. ಶೌಚದ ನಂತರ ಸಾಬೂನಿನಿಂದ ತೊಳೆಯದ ಕೈ ರೊಟ್ಟಿ ಬಡಿದರೂ, ಊಟ ಬಡಿಸಿದರೂ ಅಪಾಯವೇ. ಶುದ್ಧ ಶಾಕಾಹಾರಿಯೂ ತನ್ನ ನೆರೆಯವರ ಶುಚಿತ್ವವನ್ನು ಅವಲಂಬಿಸಿಯೇ ಆರೋಗ್ಯವಾಗಿರುತ್ತಾನೆ.

ಮಿದುಳಿನ ಗುಳ್ಳೆ ಸಾಯುವಾಗ ಅದರ ಸುತ್ತ ಊತ ಉಂಟಾಗಿ ಮೂರ್ಛೆ ಬರುತ್ತದೆ. ಲಾಡಿಹುಳು ನೆಲೆಯೂರಿರುವ ಅನೇಕ ಪ್ರದೇಶಗಳಲ್ಲಿ ಅಪಸ್ಮಾರದ ನೂರು ರೋಗಿಗಳಲ್ಲಿ ಸುಮಾರು ಮೂವತ್ತು ಮಂದಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಮೂರ್ಛೆ ಬಿದ್ದ ಮಗುವಿನ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ದೆವ್ವ ಬಡಿಯಿತೆಂದು ತಾಯಿತ ಕಟ್ಟಿಸುವುದು ಇಂದಿಗೂ ಉಂಟು. ಹೆಣ್ಣುಮಗಳಾದರೆ ಮದುವೆಯ ಚಿಂತೆಯಿಂದ ರೋಗವನ್ನೇ ಮುಚ್ಚಿಡುತ್ತಾರೆ. ಅಪಸ್ಮಾರವಿದ್ದವರ ವಿವಾಹಕ್ಕೆ ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಲಾಯಿತು. ಜನರ ಮನಸ್ಸಿನ ಅಡ್ಡಿಯೂ ಹಾಗೆಯೇ ಹೋಗಬೇಕಾಗಿದೆ. ಮೂರ್ಛೆ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಿಗಿಯಾದ ಉಡುಪನ್ನು ಸಡಿಲಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷಕ್ಕೂ ಮೀರಿದರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಗದಗ, ಹುಬ್ಬಳ್ಳಿಗಳ ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ, 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ನಾಡಿನವರಿಗೆ ಇವೆ. ಮಿದುಳಿನ ಸ್ಕ್ಯಾನ್‌ನಿಂದ ಗುಳ್ಳೆಯನ್ನು ಗುರುತಿಸಬಹುದು. ಔಷಧಿಯಿಂದ ಅನೇಕರು ಪೂರ್ಣ ಗುಣಹೊಂದುತ್ತಾರೆ. ಶಾಲೆಗಳಲ್ಲಿ ಜಂತುಹುಳುವಿಗೆಂದು ಕೊಡುವ ಆಲ್ಬೆಂಡಜೋಲ್ ಈ ಚಿಕಿತ್ಸೆಯಲ್ಲಿಯೂ ಬಳಕೆಯಾಗುತ್ತದೆ. ಆದರೆ ಗುಳ್ಳೆ ಸಾಯುವಾಗ ಊತ ಹೆಚ್ಚುವುದರಿಂದ, ವೈದ್ಯರ ಸಲಹೆಯಿಲ್ಲದೆ ಅದನ್ನು ನುಂಗಬಾರದು.

ತಡೆಯುವ ದಾರಿಗಳು ಸರಳವಾದವು. ಮಾಂಸವನ್ನು ನಡುಭಾಗದಲ್ಲಿಯೂ ಕೆಂಪು ಉಳಿಯದಂತೆ ಬೇಯಿಸಬೇಕು. ಹಸಿ ಮಾಂಸ ಕೊಯ್ದ ಈಳಿಗೆಯನ್ನು ತೊಳೆಯದೆ ಸೌತೆಕಾಯಿ ಹೆಚ್ಚಬಾರದು. ಹಸಿ ಸೊಪ್ಪನ್ನು ಒಂದೊಂದೇ ಎಲೆ ಬಿಡಿಸಿ ಶುದ್ಧನೀರಿನಲ್ಲಿ ಹಲವು ಸಲ ತೊಳೆಯಬೇಕು. ಎಲ್ಲಕ್ಕೂ ಮಿಗಿಲಾಗಿ, ಪ್ರತಿಯೊಬ್ಬರೂ ಶೌಚಾಲಯವನ್ನು ಬಳಸಬೇಕು, ಸಾಬೂನಿನಿಂದ ಕೈ ತೊಳೆಯಬೇಕು. ಹುಳುವಿನ ಸರಪಳಿಯು ಮನುಷ್ಯನಿಂದ ಹಂದಿಗೆ, ಹಂದಿಯಿಂದ ಮನುಷ್ಯನಿಗೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬಿದೆ. ಅದನ್ನು ಒಂದು ಮನೆಯ ಒಲೆ ಮಾತ್ರ ಕಡಿಯಲಾರದು; ಊರೆಲ್ಲ ಕೈಗೂಡಿಸಬೇಕು.